ಮಠಶಾಲೆಯಲ್ಲಿ ಪುಟ್ಟ ತೆರೇಸಾ

ಗುಲಾಬಿ ಹೂಗಳ ಸಂತ ತೆರೇಸಮ್ಮನವರಿಗೆ ಶಾಲೆಯೆಂದರೆ ಸಂಕಟವಾಗಿತ್ತೆಂದರೆ ನಂಬುವಿರಾ? ತಾಯಿಯಿಲ್ಲದ ಆ ಮಗು 1881ರಲ್ಲಿ, ಎಂಟೂವರೆ ವಯಸ್ಸಿಗೆ, ಫ್ರಾನ್ಸಿನ ಲಿಸ್ಯೂ ಪಟ್ಟಣದ ಬೆನೆಡಿಕ್ಟಿನ್ ಕನ್ಯಾಸ್ತ್ರೀಯರ ಮಠಶಾಲೆ ಸೇರಿತು. ತನಗಿಂತ ದೊಡ್ಡವರ ತರಗತಿಯಲ್ಲಿ ಮುಂದಿದ್ದುದೇ ತಪ್ಪಾಯಿತು. ಹದಿನಾಲ್ಕರ ಹುಡುಗಿಯೊಬ್ಬಳು ಹೊಟ್ಟೆಕಿಚ್ಚಿನಿಂದ ಕಾಡಿದಳು. ತೆರೇಸಾ ಯಾರಿಗೂ ಹೇಳದೆ ಅತ್ತರು. (ನಮ್ಮ ಮಕ್ಕಳೂ ಎಲ್ಲವನ್ನೂ ಹೇಳುವುದಿಲ್ಲ.) ಆ ಐದು ವರ್ಷಗಳೇ ತಮ್ಮ ಬದುಕಿನ ಅತಿ ದುಃಖದ ಕಾಲವೆಂದು ಮುಂದೆ ಕಾರ್ಮೆಲ್ ಮಠದಲ್ಲಿ ಬರೆದಿಟ್ಟರು.

ಆದರೆ 1884ರ ಮೇ 8ರಂದು ಪ್ರಥಮ ಪರಮಪ್ರಸಾದ ಸ್ವೀಕರಿಸಿದ್ದೂ ಅಲ್ಲಿಯೇ. ಅದರ ಸಿದ್ಧತೆಗೆಂದು ಅಲ್ಲಿ ತಂಗಿದ್ದಾಗ, ರಾತ್ರಿ ಹಿರಿಯ ಶಿಕ್ಷಕಿ ದೀಪ ಹಿಡಿದು ಬಂದು ಹಣೆಗೆ ಮುತ್ತಿಡುತ್ತಿದ್ದುದನ್ನೂ ಅವರು ಮರೆಯಲಿಲ್ಲ. 1886ರಲ್ಲಿ ಶಾಲೆ ಬಿಟ್ಟರು. ಬಳಿಕ ಮಾತೆ ಮರಿಯಮ್ಮನವರ ಸಂಘ ಸೇರಲೆಂದು ವಾರಕ್ಕೆರಡು ಬಾರಿ ಅಲ್ಲಿಗೆ ಹೋದಾಗ, ಮಾತಿಗೆ ಜೊತೆಯಿಲ್ಲದೆ, ತಂದೆ ಬರುವವರೆಗೂ ಪರಮಪ್ರಸಾದದ ಸನ್ನಿಧಿಯಲ್ಲಿ ಒಬ್ಬರೇ ಇರುತ್ತಿದ್ದರು.