ಸರ್ ಸಿ.ವಿ. ರಾಮನ್: ಅನುದಾನ ಬಯಸದ ವಿಜ್ಞಾನಿ

ವಿಶ್ವವಿಖ್ಯಾತ ಭೌತವಿಜ್ಞಾನಿ ಸರ್ ಚಂದ್ರಶೇಖರ ವೆಂಕಟರಾಮನ್ ಅವರು 1888ರ ನವೆಂಬರ್ 7ರಂದು ತಿರುಚಿರಾಪಳ್ಳಿಯಲ್ಲಿ ಜನಿಸಿದರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ವ್ಯಾಸಂಗ ಮುಗಿಸಿ, 1907ರಲ್ಲಿ ಹಣಕಾಸು ಇಲಾಖೆಯ ಅಧಿಕಾರಿಯಾಗಿ ಕಲ್ಕತ್ತೆಗೆ ತೆರಳಿದರು. ಕಚೇರಿಯ ಬಿಡುವಿನ ವೇಳೆಯಲ್ಲಿ ಸಂಶೋಧನೆ ನಡೆಸುತ್ತಿದ್ದ ಅವರು 1917ರಲ್ಲಿ ಆ ಉನ್ನತ ಹುದ್ದೆಯನ್ನು ತ್ಯಜಿಸಿ, ಕಲ್ಕತ್ತ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು.

ದ್ರವದಲ್ಲಿ ಚದುರಿದ ಏಕವರ್ಣದ ಬೆಳಕಿನ ಅಲ್ಪಾಂಶವು ತನ್ನ ತರಂಗಾಂತರವನ್ನು ಬದಲಿಸಿಕೊಳ್ಳುತ್ತದೆ ಎಂಬುದನ್ನು ಅವರು ಕೆ.ಎಸ್. ಕೃಷ್ಣನ್ ಅವರೊಡಗೂಡಿ 1928ರ ಫೆಬ್ರವರಿಯಲ್ಲಿ ಕಂಡುಹಿಡಿದರು. ಬೆಳಕಿನ ಕಣವಾದ ಫೋಟಾನ್ ಅಣುವಿನೊಂದಿಗೆ ಶಕ್ತಿಯನ್ನು ವಿನಿಮಯ ಮಾಡಿಕೊಳ್ಳುವುದೇ ಇದಕ್ಕೆ ಕಾರಣ. ಈ ಶೋಧನೆಗಾಗಿ 1930ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಲಭಿಸಿತು. 1931ರಲ್ಲಿ ಎಸ್. ಭಗವಂತಂ ಅವರೊಡನೆ ಫೋಟಾನಿನ ಗಿರಕಿಯ ಬಗ್ಗೆ ಪ್ರಾಯೋಗಿಕ ಪುರಾವೆ ಒದಗಿಸಿದ ಕಾರ್ಯವು ಜನಸಾಮಾನ್ಯರಿಗೆ ಅಷ್ಟಾಗಿ ಪರಿಚಿತವಲ್ಲದಿದ್ದರೂ ಮಹತ್ತ್ವದಲ್ಲಿ ಕಿರಿದಲ್ಲ.

1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಥಮ ಭಾರತೀಯ ನಿರ್ದೇಶಕರಾಗಿ ಅಧಿಕಾರ ವಹಿಸಿಕೊಂಡರು. ಆಡಳಿತ ಮಂಡಳಿಯೊಡನೆ ಉಂಟಾದ ಭಿನ್ನಾಭಿಪ್ರಾಯಗಳಿಂದ 1937ರಲ್ಲಿ ಆ ಸ್ಥಾನವನ್ನು ಬಿಡಬೇಕಾಯಿತು. ಆದರೂ 1948ರವರೆಗೆ ಅಲ್ಲಿಯೇ ಪ್ರಾಧ್ಯಾಪಕರಾಗಿ ಮುಂದುವರಿದರು.

ಬಹುಶಃ ಈ ಅನುಭವವೇ ಅವರ ಮುಂದಿನ ನಿಲುವನ್ನು ಗಟ್ಟಿಗೊಳಿಸಿರಬೇಕು. ತಾವು 1934ರಲ್ಲಿ ಸ್ಥಾಪಿಸಿದ್ದ ವಿಜ್ಞಾನ ಅಕಾಡೆಮಿಗೆ ಮೈಸೂರು ಸಂಸ್ಥಾನವು ನೀಡಿದ್ದ ಭೂಮಿಯಲ್ಲಿ ರಾಮನ್ ಸಂಶೋಧನಾ ಸಂಸ್ಥೆಯನ್ನು ಕಟ್ಟಿದರು. ಸರ್ಕಾರದ ಅನುದಾನ ಪಡೆದಲ್ಲಿ ಸಂಶೋಧಕನ ಸ್ವಾತಂತ್ರ್ಯಕ್ಕೆ ಧಕ್ಕೆಯಾಗುವುದೆಂದು ಭಾವಿಸಿ, ದಾನಿಗಳ ನೆರವು ಹಾಗೂ ಸ್ವಂತ ಹಣದಿಂದಲೇ ಅದನ್ನು ನಡೆಸಿದರು. ಇದರಿಂದ ಸಂಸ್ಥೆಯು ಚಿಕ್ಕದಾಗಿಯೇ ಉಳಿಯಿತೆಂಬುದೂ ನಿಜ. 1954ರಲ್ಲಿ ಭಾರತರತ್ನಕ್ಕೆ ಪಾತ್ರರಾದ ರಾಮನ್ 1970ರ ನವೆಂಬರ್ 21ರಂದು ನಿಧನರಾದರು. ಸಂಸ್ಥೆಯ ಆವರಣದಲ್ಲಿಯೇ ಅವರ ಅಂತ್ಯಕ್ರಿಯೆ ನೆರವೇರಿತು.

ಸಂಸ್ಥಾಪಕರ ಮರಣಾನಂತರ ಸಂಸ್ಥೆಯನ್ನು ಉಳಿಸಿ ಬೆಳೆಸಲು ಬೇರೆ ದಾರಿಯೇ ಬೇಕಾಯಿತು. 1972ರಲ್ಲಿ ಅದನ್ನು ಪುನರ್ರಚಿಸಲಾಗಿ, ಅಂದಿನಿಂದ ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಅನುದಾನದಿಂದ ನಡೆಯುತ್ತಿದೆ. ಇಂದು ಇಲ್ಲಿ ಕ್ವಾಂಟಂ ತಂತ್ರಜ್ಞಾನದ ಸಂಶೋಧನೆಯು ವ್ಯಾಪಕವಾಗಿ ಸಾಗಿದೆ. ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ ಸಹಯೋಗದ ಯೋಜನೆಯಡಿ, 2021ರಲ್ಲಿ ಆವರಣದ ಎರಡು ಕಟ್ಟಡಗಳ ನಡುವೆ ಗಾಳಿಯ ಮೂಲಕವೇ ಫೋಟಾನ್‌ಗಳನ್ನು ಕಳುಹಿಸಿ ರಹಸ್ಯ ಕೀಲಿಯನ್ನು ಹಂಚಿಕೊಳ್ಳುವ ಪ್ರಯೋಗವು ಯಶಸ್ವಿಯಾಯಿತು. ನಡುವೆ ಯಾರಾದರೂ ಕದ್ದು ನೋಡಿದಲ್ಲಿ ಫೋಟಾನಿನ ಸ್ಥಿತಿ ಕೆಡುವುದರಿಂದ ಕಳವು ಪತ್ತೆಯಾಗುತ್ತದೆ. ಇಂತಹ ಅನೇಕ ವಿಧಾನಗಳಲ್ಲಿ ಕೀಲಿಯನ್ನು ಹೊತ್ತೊಯ್ಯುವುದು ಫೋಟಾನಿನ ಧ್ರುವೀಕರಣ. ರಾಮನ್ ಮತ್ತು ಭಗವಂತಂ ಅವರು 1931ರಲ್ಲಿ ಅಭ್ಯಸಿಸಿದ ಗಿರಕಿಗೂ ಇದಕ್ಕೂ ನೇರ ಸಂಬಂಧವಿದೆ.