ಮೂವತ್ತು ಜೇನುಗೂಡು ಬರಿದಾದ ಚಳಿಗಾಲ

ಇಂಗ್ಲೆಂಡಿನ ಡೆವನ್ ಪ್ರಾಂತ್ಯದ ಬಕ್‌ಫಾಸ್ಟ್ ಮಠದಲ್ಲಿ 1915-16ರ ಚಳಿಗಾಲ ಕಳೆಯುವಷ್ಟರಲ್ಲಿ 46 ಜೇನು ಕುಟುಂಬಗಳ ಪೈಕಿ 30 ನಾಶವಾಗಿದ್ದವು. ಉಳಿದ 16 ಕುಟುಂಬಗಳು ಬದುಕಿದ್ದೇಕೆ ಎಂಬ ಪ್ರಶ್ನೆಯ ಬೆನ್ನು ಹತ್ತಿದವರು ಮಠದ ಹದಿನೇಳರ ಹರೆಯದ ಕಿರಿಯ ಸನ್ಯಾಸಿ. ಮುಂದೆ ಜಗತ್ತು ಅವರನ್ನು ಬ್ರದರ್ ಆ್ಯಡಂ ಎಂದು ಗುರುತಿಸಿತು.

ಜರ್ಮನಿಯ ಮಿಟ್ಟೆಲ್‌ಬಿಬೆರಾಖ್‌ನಲ್ಲಿ 1898ರ ಆಗಸ್ಟ್ 3ರಂದು ಜನಿಸಿದ ಅವರ ಮೂಲ ಹೆಸರು ಕಾರ್ಲ್ ಕೆರ್ಲೆ. 1910ರಲ್ಲಿ, 11ನೇ ವಯಸ್ಸಿನಲ್ಲಿ ಬಕ್‌ಫಾಸ್ಟ್ ಸೇರಿದರು. ಸನ್ಯಾಸಿಗಳೇ ದೇವಾಲಯವನ್ನು ಮರಳಿ ಕಟ್ಟುತ್ತಿದ್ದ ಕಾಲವದು. ಕಲ್ಲುಕೆಲಸಕ್ಕೆ ದೇಹ ಸಹಕರಿಸದ ಕಾರಣ 1915ರಲ್ಲಿ ಅವರನ್ನು ಜೇನುಸಾಕಣೆಗೆ ನಿಯೋಜಿಸಲಾಯಿತು.

ಐಲ್ ಆಫ್ ವೈಟ್ ದ್ವೀಪದಲ್ಲಿ ಮೊದಲು ಕಾಣಿಸಿಕೊಂಡ ರೋಗ ಆಗ ಬ್ರಿಟನ್ನಿನಾದ್ಯಂತ ಹಬ್ಬಿತ್ತು. ರೋಗಪೀಡಿತ ಜೇನ್ನೊಣಗಳು ಹಾರಲಾರದೆ ಗೂಡಿನ ಮುಂದೆ ತೆವಳಿ ಸಾಯುತ್ತಿದ್ದವು. ನೊಣದ ಶ್ವಾಸನಾಳದಲ್ಲಿ ಸೇರುವ ಸೂಕ್ಷ್ಮ ನುಸಿಯೇ ಕಾರಣವೆಂದು 1921ರಲ್ಲಿ ಪ್ರಕಟವಾಯಿತು. ನುಸಿಯೊಂದೇ ಕಾರಣವಲ್ಲ, ವೈರಸ್ಸಿನ ಪಾತ್ರವೂ ಇದ್ದೀತು ಎಂಬುದು ನಂತರದ ಸಂಶೋಧಕರ ಅಭಿಪ್ರಾಯ.

ಬದುಕುಳಿದ ಕುಟುಂಬಗಳೆಲ್ಲ ಇಟಲಿ ಮೂಲದ ರಾಣಿಗಳಿಗೆ ಸೇರಿದವು ಎಂಬುದನ್ನು ಆ್ಯಡಂ ಗಮನಿಸಿದರು. ರೋಗ ತಡೆಯುವ ಶಕ್ತಿ ವಂಶದಲ್ಲೇ ಇದೆಯೆಂದು ನಂಬಿ ತಳಿ ಸಂಕರಕ್ಕೆ ಕೈಹಾಕಿದರು. 1919ರಲ್ಲಿ ಮಠದ ಜೇನುಸಾಕಣೆಯ ಹೊಣೆ ಅವರದಾಯಿತು. ರಾಣಿ ಆಕಾಶದಲ್ಲಿ ಹಾರುತ್ತಲೇ ಹಲವು ಗಂಡುನೊಣಗಳೊಡನೆ ಕೂಡುವುದರಿಂದ ತಂದೆಯ ವಂಶವನ್ನು ನಿಯಂತ್ರಿಸುವುದು ಕಷ್ಟ. ಹೀಗಾಗಿ 1925ರಲ್ಲಿ ಡಾರ್ಟ್‌ಮೂರ್‌ನ ನಿರ್ಜನ ಬಯಲಿನಲ್ಲಿ ಪ್ರತ್ಯೇಕ ಕೇಂದ್ರ ಸ್ಥಾಪಿಸಿ, ಆಯ್ದ ಗಂಡುನೊಣಗಳನ್ನಷ್ಟೇ ಇರಿಸಿದರು. 1950ರಿಂದ ಯೂರೋಪ್, ಪಶ್ಚಿಮ ಏಷ್ಯಾ, ಉತ್ತರ ಆಫ್ರಿಕಾಗಳಲ್ಲಿ ಸಂಚರಿಸಿ ತಳಿಗಳನ್ನು ಸಂಗ್ರಹಿಸಿದರು. ಬಕ್‌ಫಾಸ್ಟ್ ಜೇನು ಈ ಶ್ರಮದ ಫಲ.

ಅವರ ನಿಲುವುಗಳೆಲ್ಲ ನಿಲ್ಲಲಿಲ್ಲ. ಬ್ರಿಟನ್ನಿನ ಸ್ಥಳೀಯ ಕಪ್ಪು ಜೇನು ಆ ರೋಗದಿಂದ ನಿರ್ನಾಮವಾಯಿತೆಂಬ ಅವರ ನಂಬಿಕೆಯನ್ನು ನಂತರದ ಅಧ್ಯಯನಗಳು ಒಪ್ಪಿಲ್ಲ.

1992ರಲ್ಲಿ, 93ನೇ ವಯಸ್ಸಿನಲ್ಲಿ ಅವರು ಹೊಣೆಯಿಂದ ನಿವೃತ್ತರಾದರು. ಅದೇ ವರ್ಷ ಅದೇ ಡೆವನ್‌ನಲ್ಲಿ ವರೋವಾ ಎಂಬ ಹೊಸ ನುಸಿ ಪತ್ತೆಯಾದದ್ದು ಕಾಕತಾಳೀಯ. 1991-92ರ ಸುಮಾರಿಗೆ ಕರ್ನಾಟಕದ ತುಡುವೆ ಜೇನು ಕುಟುಂಬಗಳನ್ನೂ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ಬರಿದು ಮಾಡಿತ್ತು.

1996ರ ಸೆಪ್ಟೆಂಬರ್ 1ರಂದು ಬ್ರದರ್ ಆ್ಯಡಂ ನಿಧನರಾದರು. ಗೂಡಿನ ಮುಂದೆ ತೆವಳುವ ನೊಣಗಳನ್ನು ಬೇಗ ಗುರುತಿಸುವುದು, ಬದುಕುಳಿದ ಸಶಕ್ತ ಕುಟುಂಬಗಳಿಂದಲೇ ಮುಂದಿನ ರಾಣಿಯನ್ನು ಆರಿಸುವುದು: ಜೇನು ಸಾಕುವವರಿಗೆ ಅವರ ಬದುಕು ಬಿಟ್ಟುಹೋದ ಪಾಠ ಇಷ್ಟೇ.