ಕಲ್ಲಿದ್ದಲು ಎಷ್ಟಿದೆ ಅಂತ ಲೆಕ್ಕ ಹಾಕಲು ಬಂದವರು

ಕೋರ್ ಬ್ರಾಂಚ್ ಬಿಟ್ಟು ಬೇರೆ ಕಡೆ ಹೋಗೋದು ನಮ್ಮ ಕಾಲದ ಕಥೆ ಅಂದ್ಕೊಂಡಿದ್ದೀವಿ. 1830ರ ದಶಕದಲ್ಲೇ ಒಬ್ಬರು ಈ ಕೆಲಸ ಮಾಡಿದ್ದರು. ಹೆಸರು ಥಾಮಸ್ ಓಲ್ಡ್‌ಹ್ಯಾಮ್. ಹುಟ್ಟಿದ್ದು 1816ರ ಮೇ 4ರಂದು, ಐರ್ಲೆಂಡಿನ ಡಬ್ಲಿನ್‌ನಲ್ಲಿ. ಟ್ರಿನಿಟಿ ಕಾಲೇಜಿನಲ್ಲಿ ಡಿಗ್ರಿ ಮುಗಿಸಿ, ಸಿವಿಲ್ ಇಂಜಿನಿಯರಿಂಗ್ ಓದೋಕೆ ಎಡಿನ್‌ಬರೋಗೆ ಹೋದರು. ಅಲ್ಲಿ ರಾಬರ್ಟ್ ಜೇಮ್ಸನ್ ಅನ್ನೋ ಪ್ರೊಫೆಸರ್ ಹತ್ತಿರ ಭೂವಿಜ್ಞಾನ ಕಲಿತರು. ಆಮೇಲೆ ಜೀವನಪೂರ್ತಿ ಕಲ್ಲುಗಳೇ.

ಐರ್ಲೆಂಡಿಗೆ ವಾಪಸ್ ಬಂದು 1840ರಲ್ಲಿ ಸಮುದ್ರದ ಪಕ್ಕದ ಬ್ರೇ ಹೆಡ್ ಅನ್ನೋ ಗುಡ್ಡದಲ್ಲಿ ಬಹಳ ಹಳೆಯ ಕಾಲದ ವಿಚಿತ್ರ ಪಳೆಯುಳಿಕೆಗಳನ್ನು ಕಂಡುಹಿಡಿದರು. ಅದಕ್ಕೆ ಅವರ ಹೆಸರನ್ನೇ ಸೇರಿಸಿ ಓಲ್ಡ್‌ಹ್ಯಾಮಿಯಾ ಅಂತ ಕರೆದರು. 1846ರ ಹೊತ್ತಿಗೆ ಐರ್ಲೆಂಡಿನ ಭೂವೈಜ್ಞಾನಿಕ ಸರ್ವೇಗೆ ಅವರೇ ಮುಖ್ಯಸ್ಥರು.

ಇತ್ತ ಭಾರತದಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ಬೇರೆ ತಲೆನೋವು. ಗಂಗಾ ನದಿಯಲ್ಲಿ ಸ್ಟೀಮರ್‌ಗಳು ಓಡಾಡೋಕೆ ಶುರುವಾಗಿತ್ತು, ಅವುಗಳಿಗೆ ಕಲ್ಲಿದ್ದಲು ಬೇಕು. ಇಂಗ್ಲೆಂಡಿಂದ ಹಡಗಲ್ಲಿ ತರಿಸೋದು ದುಬಾರಿ. ಬಂಗಾಳದ ರಾಣಿಗಂಜ್‌ನಲ್ಲಿ 1774ರಿಂದಲೇ ಗಣಿ ತೋಡಿದ್ದರು, ಆದರೆ ನೆಲದ ಕೆಳಗೆ ಒಟ್ಟು ಎಷ್ಟಿದೆ ಅಂತ ಯಾರಿಗೂ ಗೊತ್ತಿರಲಿಲ್ಲ. 1836ರಲ್ಲಿ ಇದಕ್ಕಾಗಿ ಒಂದು ಸಮಿತಿ ಆಯ್ತು. ಆಮೇಲೆ ಬ್ರಿಟನ್ನಿನಿಂದ ಡೇವಿಡ್ ಹೈರಮ್ ವಿಲಿಯಮ್ಸ್ ಅನ್ನೋ ಸರ್ವೇಯರ್‌ನನ್ನು ಸರ್ಕಾರಿ ಸಂಬಳ ಕೊಟ್ಟು ಕರೆಸಿದರು. ಅವರು ದಾಮೋದರ ಕಣಿವೆಯಲ್ಲಿ ಸುತ್ತಾಡಿ ನಕ್ಷೆ ಮಾಡುತ್ತಿದ್ದರು. 1848ರಲ್ಲಿ ಕಾಡುಜ್ವರ ಬಂದು ತೀರಿಕೊಂಡರು.

ಆ ಜಾಗಕ್ಕೆ ಬಂದವರೇ ಓಲ್ಡ್‌ಹ್ಯಾಮ್. 1851ರ ಮಾರ್ಚ್‌ನಲ್ಲಿ ಕಲ್ಕತ್ತಾದಲ್ಲಿ ಇಳಿದರು. ಜಿಯಾಲಾಜಿಕಲ್ ಸರ್ವೇ ಆಫ್ ಇಂಡಿಯಾ ತನ್ನ ಹುಟ್ಟಿದ ವರ್ಷ ಅಂತ ಇವತ್ತಿಗೂ ಲೆಕ್ಕ ಇಡೋದು ಇದನ್ನೇ. ಆಗ ಸಿಬ್ಬಂದಿ ಬೆರಳೆಣಿಕೆಯಷ್ಟು. ಕಂಪನಿಗೆ ಬೇಕಾಗಿದ್ದು ಒಂದೇ ಉತ್ತರ: ಕಲ್ಲಿದ್ದಲು ಎಲ್ಲಿದೆ, ಎಷ್ಟಿದೆ?

ಕೇಳೋಕೆ ಸುಲಭದ ಲೆಕ್ಕ. ಪದರದ ವಿಸ್ತೀರ್ಣ, ದಪ್ಪ, ಸಾಂದ್ರತೆ ಮೂರನ್ನೂ ಗುಣಿಸಿದರೆ ಮುಗೀತು. 1 ಚದರ ಕಿಲೋಮೀಟರ್ ಜಾಗದಲ್ಲಿ 1 ಮೀಟರ್ ದಪ್ಪದ ಪದರ ಇದ್ದು, ಸಾಂದ್ರತೆ 1.4 ಇದ್ದರೆ 14 ಲಕ್ಷ ಟನ್. ಆದರೆ ಪದರ ನಮ್ಮ ಡ್ರಾಯಿಂಗ್ ಶೀಟ್ ಥರ ಮಟ್ಟಸವಾಗಿ ಇರಲ್ಲ. ಒಂದು ಕಡೆ ಓರೆಯಾಗಿ ಆಳಕ್ಕೆ ಇಳಿಯುತ್ತೆ, ಇನ್ನೊಂದು ಕಡೆ ಬಿರುಕು ಬಂದು ಮುರಿದಿರುತ್ತೆ, ಮತ್ತೊಂದು ಕಡೆ ಕರಗಿದ ಶಿಲೆ ನುಗ್ಗಿ ಸುಟ್ಟುಹಾಕಿರುತ್ತೆ. ಹಾಗಾಗಿ ಕಲ್ಲಿದ್ದಲು ಕಂಡ ಜಾಗ ಮಾತ್ರ ನೋಡಿದರೆ ಸಾಲದು, ಸುತ್ತಲಿನ ಎಲ್ಲಾ ಕಲ್ಲಿನ ಪದರಗಳೂ ಗೊತ್ತಿರಬೇಕು.

ಓಲ್ಡ್‌ಹ್ಯಾಮ್ ಹಟ ಹಿಡಿದಿದ್ದು ಇಲ್ಲೇ. ಅಲ್ಲೊಂದು ಇಲ್ಲೊಂದು ಗಣಿ ನೋಡಿ ರಿಪೋರ್ಟ್ ಬರೆಯಲ್ಲ, ಇಡೀ ದೇಶದ ಭೂನಕ್ಷೆಯನ್ನು ಕ್ರಮವಾಗಿ ಮಾಡಬೇಕು ಅನ್ನೋದು ಅವರ ವಾದ. ಬೇಗ ಲಾಭ ಬೇಕು ಅನ್ನೋ ಸರ್ಕಾರಕ್ಕೆ ಪಳೆಯುಳಿಕೆ, ಮ್ಯೂಸಿಯಂ, ಲೈಬ್ರರಿ ಅಂತ ದುಡ್ಡು ಕೇಳೋದು ಸುಲಭ ಅಲ್ಲ. 1856ರಲ್ಲಿ ಗವರ್ನರ್ ಜನರಲ್ ಆಗಿ ಬಂದ ಲಾರ್ಡ್ ಕ್ಯಾನಿಂಗ್ ಕಾಲದಲ್ಲಿ ಈ ವಾದಕ್ಕೆ ಬೆಂಬಲ ಸಿಕ್ತು, ಇಲಾಖೆ ಬೆಳೀತು.

ಅದರ ಫಲ ಏನು? ಒರಿಸ್ಸಾದ ತಾಲ್ಚೇರ್‌ಗೆ ಕಲ್ಲಿದ್ದಲು ನೋಡೋಕೆ ಅಂತ ಓಲ್ಡ್‌ಹ್ಯಾಮ್ ತಂಡದ ಬ್ಲಾನ್‌ಫೋರ್ಡ್ ಸಹೋದರರು ಹೋದರು. ಕಲ್ಲಿದ್ದಲಿನ ಜೊತೆಗೆ ಅದರ ಕೆಳಗೆ ದೊಡ್ಡ ಬಂಡೆಗಳು ತುಂಬಿದ ಪದರವೂ ಸಿಕ್ತು. ಅದನ್ನು ಅಲ್ಲಿಗೆ ತಂದಿದ್ದು ಹಿಮ ಅಂತ ಅವರು ಹೇಳಿದರು. ಸುಡು ಬಿಸಿಲಿನ ಒರಿಸ್ಸಾದಲ್ಲಿ ಹಿಮ! ಭಾರತ, ಆಫ್ರಿಕಾ, ಆಸ್ಟ್ರೇಲಿಯಾ ಒಂದು ಕಾಲದಲ್ಲಿ ಕೂಡಿಕೊಂಡಿದ್ದವು ಅನ್ನೋದಕ್ಕೆ ಮುಂದೆ ಇಂಥ ಪದರಗಳೇ ದೊಡ್ಡ ಸಾಕ್ಷಿ ಆದವು. ರಾಣಿಗಂಜ್, ಝರಿಯಾ ಕ್ಷೇತ್ರಗಳ ನಕ್ಷೆಯೂ ಆಯ್ತು. 1860ರ ದಶಕದಲ್ಲಿ ಓಲ್ಡ್‌ಹ್ಯಾಮ್ ಇಡೀ ಭಾರತದ ಕಲ್ಲಿದ್ದಲು ಸಂಪನ್ಮೂಲದ ಬಗ್ಗೆ ವರದಿ ಕೊಟ್ಟರು. ನಮ್ಮ ಕಲ್ಲಿದ್ದಲಲ್ಲಿ ಬೂದಿ ಜಾಸ್ತಿ ಅನ್ನೋ ಕಹಿ ಸತ್ಯವನ್ನೂ ಸರ್ವೇ ಮುಚ್ಚಿಡಲಿಲ್ಲ.

ನಮ್ಮ ಕಡೆಗೂ ಇದಕ್ಕೂ ಸಂಬಂಧ ಇದೆ. 1858ರಲ್ಲಿ ಅವರ ಇಲಾಖೆ ಸೇರಿದ ರಾಬರ್ಟ್ ಬ್ರೂಸ್ ಫೂಟ್ ಅವರೇ ಮುಂದೆ ಧಾರವಾಡ, ಬಳ್ಳಾರಿ ಕಡೆಯ ಶಿಲೆಗಳನ್ನು ಅಧ್ಯಯನ ಮಾಡಿ ಅವಕ್ಕೆ ಧಾರವಾಡದ ಹೆಸರು ಕೊಟ್ಟರು. ಆ ಶಿಲೆಗಳಿಗೆ 250 ಕೋಟಿ ವರ್ಷಕ್ಕಿಂತ ಜಾಸ್ತಿ ವಯಸ್ಸು. ಆಗ ಭೂಮಿ ಮೇಲೆ ಮರಗಿಡಗಳೇ ಇರಲಿಲ್ಲ, ಮರಗಿಡ ಇಲ್ಲದೆ ಕಲ್ಲಿದ್ದಲು ಎಲ್ಲಿಂದ ಬರಬೇಕು? ಚಿನ್ನ ಇದೆ, ಕಬ್ಬಿಣ ಇದೆ, ಕಲ್ಲಿದ್ದಲು ಮಾತ್ರ ಇಲ್ಲ. ಇನ್ನೊಬ್ಬ ಸಹೋದ್ಯೋಗಿ ವಿಲಿಯಂ ಕಿಂಗ್ 1870ರ ದಶಕದ ಆರಂಭದಲ್ಲಿ ತೆಲಂಗಾಣದ ಯೆಲ್ಲಂದು ಬಳಿ ಕಲ್ಲಿದ್ದಲು ಗುರುತಿಸಿದರು. ಅದೇ ಸಿಂಗರೇಣಿ. ರಾಯಚೂರಿನ ಥರ್ಮಲ್ ಸ್ಥಾವರಕ್ಕೆ ಇವತ್ತಿಗೂ ಅಲ್ಲಿಂದ ಕಲ್ಲಿದ್ದಲು ಬರುತ್ತೆ.

ಒಂದು ಮಾತು ಮರೆಯಬಾರದು. ಈ ದುಡ್ಡು ಖರ್ಚಾಗಿದ್ದು ನಮ್ಮ ಉದ್ಧಾರಕ್ಕೆ ಅಂತ ಅಲ್ಲ, ಅವರ ಸ್ಟೀಮರ್ ಮತ್ತು ರೈಲುಗಳಿಗೆ. ಸರ್ವೇಗೆ ಮೊದಲ ಭಾರತೀಯ ಅಪ್ರೆಂಟಿಸ್ ಆಗಿ ರಾಮ್ ಸಿಂಗ್ ಸೇರಿದ್ದು 1873ರಲ್ಲಿ, ಅಂದರೆ 22 ವರ್ಷ ಆದ ಮೇಲೆ. ಅಧಿಕಾರಿಯಾಗಿ ಪ್ರಮಥನಾಥ ಬೋಸ್ ಬಂದಿದ್ದು 1880ರಲ್ಲಿ.

25 ವರ್ಷ ದುಡಿದ ಓಲ್ಡ್‌ಹ್ಯಾಮ್ ಆರೋಗ್ಯ ಕೆಟ್ಟು 1876ರಲ್ಲಿ ನಿವೃತ್ತರಾದರು. 1878ರ ಜುಲೈ 17ರಂದು ಇಂಗ್ಲೆಂಡಿನ ರಗ್ಬಿಯಲ್ಲಿ ತೀರಿಕೊಂಡರು. ಅವರು ಮಾಡಿಟ್ಟಿದ್ದ ಭಾರತದ ಭೂಕಂಪಗಳ ಪಟ್ಟಿಯನ್ನು ಮಗ ರಿಚರ್ಡ್ ಪ್ರಕಟಿಸಿದರು. ಅದೇ ಮಗ ಮುಂದೆ ಭೂಕಂಪದ ಅಲೆಗಳನ್ನು ಓದಿ, ಭೂಮಿಗೆ ಒಂದು ಗರ್ಭ ಇದೆ ಅಂತ 1906ರಲ್ಲಿ ತೋರಿಸಿಕೊಟ್ಟರು.

ನಿಕ್ಷೇಪ ಎಷ್ಟಿದೆ ಅಂತ ತಿಳಿಯೋಕೆ ಸರ್ಕಾರ ದುಡ್ಡು ಕೊಡುವಾಗ ದೊಡ್ಡ ನಂಬರ್ ಬರಲಿ ಅಂತ ಎಲ್ಲರಿಗೂ ಆಸೆ ಇರುತ್ತೆ. ಆದರೆ ಎಲ್ಲಿ ಇಲ್ಲ, ಎಲ್ಲಿ ಕಳಪೆ ಅಂತ ಹೇಳೋದೂ ಅದೇ ದುಡ್ಡಿನ ಕೆಲಸ. ಇಲ್ಲದ ಕಡೆ ತೋಡೋದು ತಪ್ಪಿದರೆ ಉಳಿತಾಯ ಸಣ್ಣದಲ್ಲ.